ಶ್ರಾವಣಿಯ ದೇವಕಣಗಿಲೆ

ವಿಶಾಖಪಟ್ಟಣದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಶಾರದಮ್ಮ ತಿಪಟೂರಿನ ಕಡೆಯವರು. ಮದುವೆಯಾಗಿ ವಿಜಯವಾಡದ ಪಟಮಟದ ಅತ್ತೆಮನೆಗೆ ಹೋಗಿ ಮೂವತ್ತು ವರ್ಷ. ಅಲ್ಲಿನ ಹಿತ್ತಲಲ್ಲಿ ಅವರ ಒಬ್ಬಳೇ ಮಗಳು ಶ್ರಾವಣಿ ಎಂಟನೇ ವಯಸ್ಸಿನಲ್ಲಿ ನೆಟ್ಟ ದೇವಕಣಗಿಲೆ ಮರವಾಗಿತ್ತು. ಶ್ರಾವಣಿ ಹತ್ತೊಂಬತ್ತಕ್ಕೇ ಡೆಂಗ್ಯೂ ಜ್ವರದಲ್ಲಿ ಹೋದಳು. ಹೋದ ವರ್ಷ ಭಾವಂದಿರು ಆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟರು. ಮರ ಉರುಳುವ ಹಿಂದಿನ ದಿನ ಶಾರದಮ್ಮ ಮೂರು ಕೊಂಬೆ ಕತ್ತರಿಸಿ, ಹಾಲು ಸೋರುವ ತುದಿಗೆ ಪೇಪರ್ ಸುತ್ತಿ, ವಿಶಾಖಪಟ್ಟಣದ ರೈಲು ಹತ್ತಿ, ತೊಡೆಯ ಮೇಲಿಟ್ಟುಕೊಂಡು ತಂದರು. ಗಂಡ ದಕ್ಷಿಣಾಮೂರ್ತಿಗಳಿಗೆ ಇಲ್ಲಿನ ಬಂದರಿನಲ್ಲಿ ಕೆಲಸ.

ಗಿಡದ ವಿಷಯ ಆ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊಂಬೆಗಳನ್ನು ಒಂದು ವಾರ ನೆರಳಿನಲ್ಲಿ ಒಣಗಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಊರಿದರು. ಬೇರು ಬರುವವರೆಗೆ ಹತ್ತು ದಿನಕ್ಕೊಂದು ಲೋಟ ನೀರು, ಅಷ್ಟೇ. ಆದರೂ ಒಂದು ಮುರುಟಿಹೋಯಿತು. ಇನ್ನೊಂದು ಗಾಳಿಗೆ ಕುಂಡದ ಸಮೇತ ಬಿದ್ದು ಮುರಿಯಿತು. ಮೂರನೆಯದು ತುದಿಯಲ್ಲಿ ಹಸಿರು ತೋರಿಸಿತು.

"ಇದೊಂದು ಹಿಡ್ಕೊಂಡ್ರೆ ಸಾಕು ಕಣಮ್ಮ. ನನಗೆ ಇನ್ನೇನೂ ಬೇಡ" ಎಂದರು ನನ್ನ ಹತ್ತಿರ.

ಮಣ್ಣು ಮಾತ್ರ ಯಾವಾಗಲೂ ಒದ್ದೆ. ಸಮುದ್ರದ ಗಾಳಿಗೆ ತೇವ ಆರುತ್ತಿಲ್ಲ ಎಂದುಕೊಂಡು ಆ ಒಂದು ಲೋಟವನ್ನೂ ನಿಲ್ಲಿಸಿದರು.

ದಿನಾ ಬೆಳಗ್ಗೆ ಗಂಡ ಪೂಜೆ ಮಾಡುವ ಹೊತ್ತಿಗೆ ಶಾರದಮ್ಮ ಹಾಲಿನ ಬೂತಿಗೆ ಹೋಗಿರುತ್ತಿದ್ದರು. ಒಂದು ದಿನ ನಾನು ಹೆಪ್ಪು ಕೇಳಲು ಹೋದವಳು ಅವರನ್ನು ಮಾತಿಗೆ ನಿಲ್ಲಿಸಿಕೊಂಡಿದ್ದೆ. ದಕ್ಷಿಣಾಮೂರ್ತಿಗಳು ಅಭಿಷೇಕದ ಹಾಲುನೀರಿನ ತಂಬಿಗೆ ಹಿಡಿದು ಬಾಲ್ಕನಿಗೆ ಬಂದು, ಅಷ್ಟನ್ನೂ ಕೊಂಬೆಯ ಬುಡಕ್ಕೆ ಸುರಿದರು.

"ದಿನಾ ಹಾಕ್ತಿದ್ದೀರಾ?" ಶಾರದಮ್ಮ ಕೇಳಿದರು.

"ನೆಟ್ಟಾಗಿನಿಂದ" ಎಂದರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ. "ತುಳಿಯೋ ಜಾಗಕ್ಕೆ ಹಾಕಬಾರ್ದು ಕದಾ. ಪಟಮಟದಲ್ಲೂ ಆ ಮರಕ್ಕೇ ಹಾಕ್ತಿದ್ವಿ. ಅಮ್ಮಾಯೀನೇ ತಂಬಿಗೆ ಇಸ್ಕೊಂಡು ಹಾಕ್ತಿದ್ಲು." ಅಮ್ಮಾಯಿ ಎಂದರೆ ಮಗಳು.

ಶಾರದಮ್ಮ ಕೊಂಬೆಯನ್ನು ಮೆಲ್ಲಗೆ ಎಳೆದರು. ಅದು ಹಾಗೇ ಕೈಗೆ ಬಂತು. ಬುಡ ಕಪ್ಪಗೆ ಕೊಳೆತು, ಹುಳಿತ ಹಾಲಿನ ವಾಸನೆ ಹೊಡೆಯುತ್ತಿತ್ತು. ಒಂದೆಳೆ ಬೇರಿರಲಿಲ್ಲ. ಒಳ್ಳೆಯ ಭಾಗ ಉಳಿದಿದೆಯೇನೋ ಎಂದು ಈಳಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಕೊಯ್ಯುತ್ತ ಹೋದರು. ತುದಿಯವರೆಗೂ ಕಪ್ಪೇ.

ನನಗೆ ಆ ಮನುಷ್ಯನ ಮೇಲೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿರುವುದು ಇಬ್ಬರು, ಒಂದು ಮಾತು ಕೇಳಬಾರದಿತ್ತೆ? ಆದರೆ ಮಗಳ ಹೆಸರೆತ್ತಿದ ದಿನ ಆ ಮನೆಯಲ್ಲಿ ಇಬ್ಬರೂ ಊಟ ಬಿಡುತ್ತಿದ್ದರು. ಅದಕ್ಕೇ ಅವಳ ಗಿಡದ ಮಾತನ್ನೂ ಯಾರೂ ಎತ್ತುತ್ತಿರಲಿಲ್ಲ. ಯಾರನ್ನು ಬೈಯಲಿ?

ಮರುದಿನ ಬೆಳಗ್ಗೆ ನಮ್ಮ ಬಾಲ್ಕನಿಯಿಂದ ನೋಡಿದೆ. ದಕ್ಷಿಣಾಮೂರ್ತಿಗಳು ತಂಬಿಗೆ ಹಿಡಿದು ನಿಂತೇ ಇದ್ದರು.

"ಶಾರದಾ, ಇದನ್ನ ಎಲ್ಲಿ ಹಾಕ್ಲಿ?"

ಶಾರದಮ್ಮ ಬೂತಿಗೆ ಹೋಗಿರಲಿಲ್ಲ, ಬಾಲ್ಕನಿಯ ಬಾಗಿಲಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದರು. ತಲೆ ಎತ್ತಲಿಲ್ಲ.

"ಅಲ್ಲೇ ಹಾಕಿ" ಎಂದರು.

ಅವರು ಕುಂಡದ ಬರಿಯ ಮಣ್ಣಿಗೆ ಹಾಕಿದರು.