ಸಂತೆಕಲ್ಲೂರಿನ ರಸ್ತೆಯ ಮೇಲೆ ಹುರುಳಿ

...ಅಥವಾ ಅದು ಹುರುಳಿಯೇ ಅಲ್ಲವೇನೋ, ತೊಗರಿ ಇದ್ದಿರಬಹುದು. ಮೋಡ ಕವಿದಿತ್ತೆಂಬುದು ಮಾತ್ರ ಖಂಡಿತ; ಅದೂ ಆಕಾಶ ನೋಡಿದ ನೆನಪಲ್ಲ, ಅಕ್ಕನ ಮುಖ ನೋಡಿದ ನೆನಪು. ಇರಲಿ, ಹುರುಳಿ ಎಂದೇ ಬರೆಯುತ್ತೇನೆ.

ಲಿಂಗಸುಗೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಆ ವರ್ಷ ಒಂದು ಹುಚ್ಚು ಹಿಡಿದಿತ್ತು. ಸಿಂಧನೂರು ರಸ್ತೆಯ ವಾಹನಗಳನ್ನು ಕಾಲುವೆಯ ನೀರೆಂದು ಭಾವಿಸಿ ಅವುಗಳ ಹರಿವಿಗೆ ಸಮೀಕರಣ ಬರೆಯುವುದು. ದಟ್ಟಣೆ ಹೆಚ್ಚಿದಂತೆ ವೇಗ ಇಳಿಯುತ್ತದೆ. ಮುಂದೆ ಯಾರೋ ಬ್ರೇಕ್ ಹಾಕಿದರೆ ಆ ನಿಲುಗಡೆ ಅಲೆಯಾಗಿ ಹಿಂದಕ್ಕೆ ಸಾಗುತ್ತದೆ. ಸಂತೆಕಲ್ಲೂರಿನಲ್ಲಿ ಅಕ್ಕನ ಮನೆ ಅದೇ ರಸ್ತೆಗೆ ಅಂಟಿಕೊಂಡಿದೆ. ರಜೆ ಬಂತೆಂದರೆ ಅವಳ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಗಾಡಿ ನೋಡುತ್ತಿದ್ದೆ.

ಅಂದು ಅಕ್ಕ ಅರ್ಧ ರಸ್ತೆಗೆ ಹುರುಳಿ ಹರವಿದ್ದಳು. ಗಾಡಿಗಳು ಹಾದು ಕಾಯಿ ಒಡೆಯಬೇಕು. ಅದಕ್ಕೂ ಮೊದಲು ಮಳೆ ಬಿದ್ದರೆ ಬೆಳೆಯೆಲ್ಲ ಕಪ್ಪಾಗಿ ಕೊಳೆಯುತ್ತದೆ. ಮಧ್ಯಾಹ್ನದಿಂದ ಒಂದು ಗಾಡಿಯೂ ಇಲ್ಲ.

“ಲೇ ತಮ್ಮಾ, ನೀ ನೋಡಿ ನೋಡಿ ಗಾಡಿಗೆ ದೃಷ್ಟಿ ಆಗೇತೇನು?”

“ಮಸ್ಕ್ಯಾಗ ಭತ್ತದ ಲಾರಿ ಅಡ್ಡ ನಿಂತೈತಂತ ಅಕ್ಕಾ, ಗೆಳೆಯ ಫೋನ್ ಮಾಡಿದ್ದ. ಈ ಕಡಿ ಗಾಡಿನೂ ಲಿಂಗಸುಗೂರಾಗ ನಿಲ್ಲಿಸ್ಯಾರಂತ. ಅದು ಸರಿದ್ರ ಎಲ್ಲಾ ಒಮ್ಮೆಲೆ ಬರ್ತಾವ.”

“ಮಳಿಗಿಂತ ಮೊದ್ಲ ಬರ್ತಾವಂತ ಐತೇನು ನಿನ್ನ ಲೆಕ್ಕದಾಗ?”

ಬಂದವು. ಬಸ್ಸು, ಟ್ರ್ಯಾಕ್ಟರು, ಟಂಟಂ ಆಟೊ, ಒಂದರ ಬೆನ್ನಿಗೆ ಒಂದು. ಇಷ್ಟನ್ನು ನನ್ನ ಸಮೀಕರಣವೂ ಹೇಳಿತ್ತು. ಆದರೆ ಅದರಲ್ಲಿ ನಾನು ಹುರುಳಿಯನ್ನು ಅಡ್ಡಿಯೆಂದು ಸೇರಿಸಿದ್ದೆ. ವಾಹನಗಳು ಅದನ್ನು ತಪ್ಪಿಸಿ ಖಾಲಿ ಅರ್ಧದಲ್ಲಿ ಹೋಗಬೇಕಿತ್ತು. ಬಸ್ಸಿನ ಚಾಲಕ ಸ್ಟೇರಿಂಗ್ ತಿರುಗಿಸಿ ನೇರ ಹುರುಳಿಯ ಮೇಲೇ ಬಂದ. ಅವನ ಹಿಂದಿನವರೂ ಹಾಗೆಯೇ. ಅಕ್ಕ ಸೆರಗು ಸಿಕ್ಕಿಸಿಕೊಂಡು, “ಬರ್ರೀ ಅಣ್ಣಾರ, ಹಿಂಗ ಬರ್ರೀ, ಸಾವಕಾಶ!” ಎಂದು ಬೀಗರನ್ನು ಊಟಕ್ಕೆ ಕರೆಯುವಂತೆ ಕೈ ಬೀಸುತ್ತಿದ್ದಳು. ಕಾಯಿ ಸಿಡಿಯುವ ಸದ್ದು ಇನ್ನೂ ಕಿವಿಯಲ್ಲಿದೆ, ಅಥವಾ ಆಮೇಲೆ ನಾನೇ ಸೇರಿಸಿಕೊಂಡಿದ್ದೇನೆ.

ಮೊದಲ ಹನಿ ಬೀಳುವಾಗ ಹೊಟ್ಟು ಸಮೇತ ಕಾಳು ಬಳಿದು, ಚೀಲಗಳನ್ನು ಒಳಗೆಳೆದಿದ್ದೆವು.

“ನಿನ್ನ ಲೆಕ್ಕ ಖರೇ ಆತು ನೋಡಪಾ,” ಎಂದಳು ಏದುಸಿರಿನಲ್ಲಿ. ಅರ್ಧ ಮಾತ್ರ ಖರೆ ಎಂದು ಹೇಳಲು ಮನಸ್ಸಾಗಲಿಲ್ಲ.

ಆ ಚಾಲಕರು ಅಕ್ಕನಿಗಾಗಿ ಹಾಗೆ ತಿರುಗಿಸಿದರೋ, ಎದುರಿನ ಗಾಡಿಗಳಿಗೆ ದಾರಿ ಬಿಡಲು ತಿರುಗಿಸಿದರೋ? ಎದುರಿನಿಂದ ಯಾವ ಗಾಡಿಯಾದರೂ ಬರುತ್ತಿತ್ತೇ ಎಂಬುದೇ ನನಗೆ ನೆನಪಿಲ್ಲ. ಯಾರನ್ನೂ ನಿಲ್ಲಿಸಿ ಕೇಳಲಿಲ್ಲ. ಹಾಗಾಗಿ ಗೊತ್ತಿಲ್ಲ.