ಎರವಲು ಹೋಗದ ಚಟ್ಟಿಗಳು

ಗಲ್ಫಿನ ಕೆಲಸ ಪೂರ್ತಿ ಬಿಟ್ಟು ಊರಿಗೆ ಬಂದು ಎರಡು ಮಳೆಗಾಲ ಕಳೆದರೂ ನಮ್ಮ ಓಣಿಯಲ್ಲಿ ನಾನು ಇನ್ನೂ ನೆಂಟನೇ ಆಗಿದ್ದೆ. ಕಾಪುವಿನಲ್ಲಿ ಹೆದ್ದಾರಿಗೂ ಸಮುದ್ರಕ್ಕೂ ನಡುವೆ ಇರುವ ಓಣಿ ಇದು. ಯಾರ ಮನೆಯಲ್ಲಿ ಏನೇ ಕಾರ್ಯಕ್ರಮವಿರಲಿ, ಒಬ್ಬ ಕುರ್ಚಿ ಹೊರುತ್ತಾನೆ, ಒಬ್ಬ ಬಡಿಸುತ್ತಾನೆ, ಇನ್ನೊಬ್ಬ ಏನೂ ಮಾಡದೆ ಎಲ್ಲರನ್ನೂ ಬೈಯುತ್ತಾ ತಿರುಗುತ್ತಾನೆ. ನಾನು ಹೋದರೆ ಮಾತ್ರ ಫ್ಯಾನಿನ ಕೆಳಗೆ ಕುರ್ಚಿ ಎಳೆದು ಕೂರಿಸಿ, ಕೈಗೆ ಜ್ಯೂಸ್ ಕೊಟ್ಟು, ಯಾವಾಗ ವಾಪಸ್ ಎಂದು ಕೇಳುತ್ತಾರೆ. ಇನ್ನು ಹೋಗುವುದಿಲ್ಲ ಎಂದರೆ ತಮಾಷೆ ಎಂದುಕೊಂಡು ನಗುತ್ತಾರೆ. ಸಾರಿನ ಬಕೆಟ್‌ಗೆ ಕೈ ಹಾಕಿದರೆ ಕಿತ್ತುಕೊಂಡು, ನೀವು ಕೂತುಕೊಳ್ಳಿ ಅಣ್ಣ ಎನ್ನುತ್ತಾರೆ. ಇಷ್ಟು ಮರ್ಯಾದೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಸತ್ತವರಿಗೆ ಮಾತ್ರ ಕೊಡುವುದು.

ಇದರಿಂದ ನನಗೆ ಬಹಳ ಬೇಸರವಾಗುತ್ತಿತ್ತು. ಹೆಂಡತಿ ಇಲ್ಲಿಯ ಶಾಲೆಯೊಂದರಲ್ಲಿ ಟೀಚರ್. ಅವಳು ಬೆಳಿಗ್ಗೆ ಹೊರಟುಹೋದ ಮೇಲೆ ನಾನು ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿದ್ದೆ. ಸಂಜೆ ಬಂದು ಅವಳು ಜೀರಿಗೆ ಹುಡುಕುತ್ತಿದ್ದಳು. ಒಂದು ದಿನ ಜೀರಿಗೆ ಸಿಗಲೇ ಇಲ್ಲ.

"ಒಂದು ಗಿಡ ಆದರೂ ನೆಡಿ ಮಾರಾಯ್ರೆ," ಎಂದಳು. "ನಿಮ್ಮ ಬುದ್ಧಿವಾದ ಎಲ್ಲ ಅದಕ್ಕೆ ಹೇಳಿ. ಅದಕ್ಕೆ ಎದ್ದು ಹೋಗ್ಲಿಕ್ಕೆ ಕಾಲಿಲ್ಲ."

ಮಣಿಪಾಲದ ರಸ್ತೆ ಬದಿಯ ನರ್ಸರಿಗೆ ಹೋಗಿ, ಸಂತೆಯಲ್ಲಿ ತರಕಾರಿ ಆರಿಸುವವನ ಹಾಗೆ ಬಣ್ಣ ನೋಡಿ ಕ್ರೋಟನ್, ಬಿಗೋನಿಯ, ಅಡೇನಿಯಂ ತಂದೆ. ನೀರು ಎಷ್ಟು ಹಾಕಬೇಕು ಎಂದು ಕೇಳಿದ್ದಕ್ಕೆ ನರ್ಸರಿಯವನು ನೋಡಿಕೊಂಡು ಹಾಕಿ ಎಂದ. ಏನನ್ನು ನೋಡಿಕೊಂಡು ಎಂದು ಹೇಳಲಿಲ್ಲ. ಕಾಪು ಪೇಟೆಯ ಅಂಗಡಿಯಿಂದ ಇಟ್ಟಿಗೆ ಬಣ್ಣದ ಪ್ಲಾಸ್ಟಿಕ್ ಚಟ್ಟಿಗಳನ್ನು ಕೊಂಡೆ. ಹೂಕುಂಡಕ್ಕೆ ನಮ್ಮ ಕಡೆ ಚಟ್ಟಿ ಎನ್ನುವುದು. ಓಣಿಯಲ್ಲಿ ಎಲ್ಲರ ಮನೆಯಲ್ಲೂ ಇರುವುದು ಅದೇ ಅಂಗಡಿಯ, ಅದೇ ಬಣ್ಣದ, ಅದೇ ಚಟ್ಟಿ. ಮೊದಲನೆಯ ಜೋರು ಕಡಲಗಾಳಿಗೆ ನನ್ನವು ಸಾಲಾಗಿ ಮಗುಚಿ ಬಿದ್ದವು. ಒಂದರ ಅಂಚು ಒಡೆಯಿತು. ನನಗೆ ಸಿಟ್ಟು ಬಂತು. ದುಡಿಮೆಯ ವಯಸ್ಸನ್ನೆಲ್ಲ ನಾನು ಬಹರೈನಿನಲ್ಲಿ ಕಾಂಕ್ರೀಟ್ ಫೋರ್‌ಮನ್ ಆಗಿ ಕಳೆದವನು. ನನ್ನ ಕೈಕೆಳಗೆ ಎದ್ದದ್ದೆಲ್ಲ ನೀರಿನ ಟ್ಯಾಂಕುಗಳು. ಮರಳುಗಾಳಿ ಬೀಸಲಿ, ಭೂಮಿ ನಡುಗಲಿ, ಅವು ಅಲುಗುವುದಿಲ್ಲ. ಅಂಥವನ ಅಂಗಳದಲ್ಲಿ ಗಾಳಿಗೆ ಉರುಳುವ ಚಟ್ಟಿ ಎಂದರೆ ಅವಮಾನವೇ.

ಸಿಮೆಂಟು, ಜಲ್ಲಿ, ಮರಳು ತರಿಸಿದೆ. ಅರ್ಧಕ್ಕೆ ಕೊಯ್ದ ದೊಡ್ಡ ಡ್ರಮ್ಮಿನೊಳಗೆ ಬಕೆಟ್ ಇಟ್ಟು, ನಡುವೆ ಕಬ್ಬಿಣದ ಸರಳು ಬಗ್ಗಿಸಿ ಹಾಕಿ ಕಾಂಕ್ರೀಟ್ ತುಂಬಿಸಿದೆ. ಅಚ್ಚು ಬಿಡಿಸಿದ ಮೇಲೆ ಒದ್ದೆ ಗೋಣಿ ಹೊದೆಸಿ ಹಗಲೂ ರಾತ್ರಿ ನೀರುಣಿಸಿದೆ. ಹೆಂಡತಿ ಬಂದು ನೋಡಿ, ಇದು ಚಟ್ಟಿಯೋ ಸೇತುವೆಯೋ ಎಂದು ವಿಚಾರಿಸಿದಳು. ನಾನು ಗೋಣಿಯ ಮೇಲೆ ಇನ್ನೊಂದು ಬಕೆಟ್ ನೀರು ಸುರಿದೆ. ಒಳ್ಳೆಯ ಕೆಲಸ ನಡೆಯುವಾಗ ಇಂಥ ಮಾತುಗಳು ಬರುತ್ತಲೇ ಇರುತ್ತವೆ.

ಗಿಡಗಳನ್ನು ಕಾಂಕ್ರೀಟಿಗೆ ಇಳಿಸಿ, ಪ್ಲಾಸ್ಟಿಕ್ ಚಟ್ಟಿಗಳನ್ನು ಗುಜರಿಗೆ ಕೊಟ್ಟು, ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಹಾಕಿ ಸಾಕಿದೆ. ಮೊದಲು ಬಿಗೋನಿಯ ತಲೆ ತಗ್ಗಿಸಿತು. ಬಾಯಾರಿಕೆಯೇನೋ ಎಂದು ಇನ್ನೊಂದು ಚೊಂಬು ಹೆಚ್ಚು ಹಾಕಿದೆ. ಅಡೇನಿಯಂನ ದಪ್ಪ ಬುಡ ಕೊಳೆತ ಪಪ್ಪಾಯಿಯಂತೆ ಕೈಗೆ ಬಂತು. ಆಗ ನೋಡಲು ಬಂದವರು ಎದುರುಮನೆಯ ಅಕ್ಕ. ಅರವತ್ತು ದಾಟಿದವರು, ಕಂಪೌಂಡ್ ಗೋಡೆಯ ಮೇಲೆ ಸಾಲಾಗಿ ಆಂಥೂರಿಯಂ ಸಾಕಿ ಓಣಿಯನ್ನೇ ಆಳುವವರು. ನನ್ನ ಚಟ್ಟಿಯೊಳಗೆ ಬೆರಳು ಅದ್ದಿದರು. ಬೆರಳು ಗಂಟಿನ ತನಕ ಕೆಸರಿಗೆ ಇಳಿಯಿತು. ಬಗ್ಗಿ ಚಟ್ಟಿಯ ಬುಡವನ್ನು ಸುತ್ತ ನೋಡಿ, ಅಡಿಯ ತೂತು ಎಲ್ಲಿ ಎಂದು ಕೇಳಿದರು.

"ತೂತು ಇಲ್ಲ ಅಕ್ಕ," ಎಂದೆ ನಾನು, ಎದೆ ಉಬ್ಬಿಸಿಯೇ. "ಒಂದು ಹನಿ ಸೋರುವುದಿಲ್ಲ."

 ಅವರು ಸೆರಗಿಗೆ ಬೆರಳು ಒರೆಸಿಕೊಂಡು ಹೋದರು. ಸಂಜೆಯೊಳಗೆ ಇಡೀ ಓಣಿಗೆ ವಿಷಯ ಗೊತ್ತಾಗಿತ್ತು. ಹಾಲಿನವನು ಕೂಡ ನನ್ನ ಅಂಗಳದ ಟ್ಯಾಂಕುಗಳು ಹೇಗಿವೆ ಎಂದು ಕೇಳಿದ. ಸೋರದಂತೆ ಕಟ್ಟುವುದನ್ನು ಕಲಿಯಲು ನನಗೆ ಅರ್ಧ ಆಯುಸ್ಸು ಬೇಕಾಗಿತ್ತು. ಈಗ ನಾನೇ ಕಟ್ಟಿದ್ದನ್ನು ಸೋರಿಸಬೇಕು. ಬಾಡಿಗೆಗೆ ಡ್ರಿಲ್ ಮೆಷಿನ್ ತಂದೆ. ನನ್ನದೇ ಸರಳಿಗೆ ತಾಗಿ ಡ್ರಿಲ್ಲಿನ ಮೊನೆಗಳು ಒಂದರ ಹಿಂದೊಂದು ಮುರಿದವು. ಕೊನೆಗೆ ಒಂದೊಂದು ಚಟ್ಟಿಯ ಬುಡದ ಬದಿಗೆ ಒಂದೊಂದು ತೂತು ಬಿತ್ತು. ಅದರೊಳಗಿಂದ ನೀರು ತೊಟ್ಟಿಕ್ಕುವುದನ್ನು ನೋಡಿ ಅಭ್ಯಾಸಬಲದಿಂದ ಬೆರಳು ಒತ್ತಿ ಹಿಡಿದೆ.

ಖಾಲಿಯಾದ ಚಟ್ಟಿಗಳಿಗೆ ಕಾರ್ಕಳದಿಂದ ಗಿಡ ಬಂತು. ಅಲ್ಲಿ ಹೆಂಡತಿಯ ಅಣ್ಣನ ಮನೆ. ಅತ್ತಿಗೆ ತಮ್ಮ ಕೆಂಪು ಆಂಥೂರಿಯಂನ ಮರಿಗಳನ್ನು ಬಿಡಿಸಿ ತೆಂಗಿನ ಸಿಪ್ಪೆ ಸುತ್ತಿ ಕೊಟ್ಟರು. ಅವನ್ನು ಮಡಿಲಲ್ಲಿಟ್ಟುಕೊಂಡು ಬೆಳ್ಮಣ್ ಮಾರ್ಗವಾಗಿ ಬಸ್ಸಿನಲ್ಲಿ ಬಂದೆ. ಊರಿನ ಬಸ್ಸಿನಲ್ಲಿ ಗಂಡಸೊಬ್ಬ ಮಡಿಲಲ್ಲಿ ಗಿಡ ಇಟ್ಟುಕೊಂಡು ಕೂತರೆ ಸಾಕು, ಗುರುತಿಲ್ಲದವರೂ ಮಾತಾಡುತ್ತಾರೆ. ಮುಂದಿನ ಸೀಟಿನ ಹೆಂಗಸು ಇದ್ದಿಲಿನ ಚೂರು ಹಾಕಿ ಎಂದರು. ಹಿಂದಿನವರು ಅದೆಲ್ಲ ಸುಳ್ಳು, ಮೊಟ್ಟೆಯ ಸಿಪ್ಪೆ ಹಾಕಿ ಎಂದರು. ಪಡುಬಿದ್ರಿಯಲ್ಲಿ ಹತ್ತಿದವರೊಬ್ಬರು ಇಬ್ಬರನ್ನೂ ತಳ್ಳಿಹಾಕಿ, ಮೀನು ತೊಳೆದ ನೀರಿನ ಮುಂದೆ ಬೇರೆ ಯಾವ ಗೊಬ್ಬರವೂ ಇಲ್ಲ ಎಂದು ತೀರ್ಪು ಕೊಟ್ಟರು. ಕಂಡಕ್ಟರ್ ಅದನ್ನು ಒಪ್ಪಿದ.

ಮರುದಿನವೇ ಬಂಗುಡೆ ತೊಳೆದ ನೀರನ್ನು ಹಾಕಿದೆ. ಓಣಿಯ ಬೆಕ್ಕುಗಳೆಲ್ಲ ಅಂಗಳದಲ್ಲಿ ಮಹಾಸಭೆ ಸೇರಿದವು. ಮನೆ ಮಲ್ಪೆಯ ಬಂದರಿನಂತೆ ನಾರಿತು. ಹೆಂಡತಿ ಮೂಗಿಗೆ ಸೆರಗು ಹಿಡಿದು ಕಿಟಕಿ ಮುಚ್ಚಿದಳು. ಆದರೆ ಗಿಡಕ್ಕೆ ಹಿಡಿಯಿತು. ಗಿಡದ ಜೊತೆ ದಿನವೂ ಪ್ರೀತಿಯಿಂದ ಮಾತಾಡಬೇಕು ಎಂದು ಮೊಬೈಲಿನ ವಿಡಿಯೊದಲ್ಲಿ ಯಾರೋ ಹೇಳಿದ್ದರು. ನನಗೆ ಗೊತ್ತಿದ್ದದ್ದು ಸೈಟಿನ ಭಾಷೆ, ಅರ್ಧ ಹಿಂದಿ, ಅರ್ಧ ಮಲಯಾಳ, ಸಿಟ್ಟು ಬಂದಾಗ ಅರಬಿ. ಅದರಲ್ಲೇ ಬೈದೆ. ಎಲೆ ಬಿಟ್ಟವು, ಹೊಳೆದವು, ಡಿಸೆಂಬರಿನ ಹೊತ್ತಿಗೆ ಕೆಂಪು ಹೂ ನಿಂತಿತು. ಒಂದೊಂದು ಹೂವು ತಿಂಗಳು ಕಳೆದರೂ ಬಾಡಲಿಲ್ಲ. ಎದುರುಮನೆಯ ಅಕ್ಕ ಗೇಟಿನ ಹೊರಗಿನಿಂದಲೇ ನೋಡಿ, ಲಾಯ್ಕ ಉಂಟು ಎಂದರು. ಅಂದು ನಾನು ಮಧ್ಯಾಹ್ನ ಒಂದು ತುತ್ತು ಹೆಚ್ಚು ಉಂಡೆ.

ಆಮೇಲೆ ಮದುವೆಯ ಕಾಲ ಬಂತು. ನಮ್ಮ ಓಣಿಯಲ್ಲಿ ಒಂದು ರೂಢಿ ಉಂಟು. ಮದುವೆಯ ಹಿಂದಿನ ಸಂಜೆ ಮನೆಯಲ್ಲಿ ಮದರಂಗಿ. ಸ್ಟೇಜಿಗೆ ಡೆಕೊರೇಶನಿನವರು ಪ್ಲಾಸ್ಟಿಕ್ ಹೂವನ್ನೇ ತರಲಿ, ಗೇಟಿನಿಂದ ಮೆಟ್ಟಿಲಿನ ತನಕ ಎರಡೂ ಬದಿಗೆ ಇಡುವುದು ಮಾತ್ರ ನೆರೆಮನೆಗಳ ಹೂವಿನ ಚಟ್ಟಿಗಳನ್ನು. ಹೆಂಗಸರು ಮನೆಮನೆಗೆ ಹೋಗಿ, ನಿಮ್ಮದರಲ್ಲಿ ಇದು, ಇದು ಎಂದು ಬೆರಳು ತೋರಿಸುತ್ತಾರೆ. ಹುಡುಗರು ಹೊರುತ್ತಾರೆ. ಯಾರ ಚಟ್ಟಿ ಗೇಟಿನ ಬಳಿ, ಯಾರದ್ದು ಮೆಟ್ಟಿಲ ಬಳಿ ಎಂಬುದರ ಮೇಲೆ ಒಂದು ವಾರದ ಮಾತು ನಡೆಯುತ್ತದೆ. ಚಟ್ಟಿ ಕೇಳಿಕೊಂಡು ಬಂದರೆ ಆ ಮನೆಯವರು ಓಣಿಯವರು ಎಂದೇ ಅರ್ಥ. ನೆಂಟರ ಹತ್ತಿರ ಯಾರೂ ಎರವಲು ಕೇಳುವುದಿಲ್ಲವಲ್ಲ.

ಆ ಸಲ ಒಂದಲ್ಲ, ಮೂರು ಮದರಂಗಿ ಆದವು. ಮೂರು ಸಲವೂ ಹೆಂಗಸರು ಹೊರಡುವ ಹೊತ್ತಿಗೆ ಸರಿಯಾಗಿ ನಾನು ಅಂಗಳಕ್ಕಿಳಿದು, ನೀರು ಬೇಡದ ಗಿಡಗಳಿಗೆ ನೀರು ಹಾಕುತ್ತಾ ನಿಂತೆ. ಅವರು ನಗುತ್ತಾ ನಮ್ಮ ಗೇಟು ದಾಟಿ ಹೋದರು. ಆಚೆಮನೆಯ ಎರಡು ಎಲೆಯ ಕ್ರೋಟನ್ ಕೂಡ ಮೆರವಣಿಗೆ ಹೊರಟಿತು. ನನ್ನ ಆಂಥೂರಿಯಂ ಅಲ್ಲೇ ಉಳಿಯಿತು. ನನಗೆ ಹೊಟ್ಟೆ ಉರಿಯಿತು.

ನಾಲ್ಕನೆಯದು ಮೂಲೆಮನೆಯ ಹುಡುಗಿಯ ಮದುವೆ. ಆ ಹುಡುಗಿಯನ್ನು ನಾನು ಕಂತು ಕಂತಾಗಿ ನೋಡಿದವನು. ಒಂದು ರಜೆಯಲ್ಲಿ ತೊಟ್ಟಿಲಲ್ಲಿದ್ದಳು, ಇನ್ನೊಂದರಲ್ಲಿ ಹಲ್ಲು ಬಿದ್ದಿತ್ತು, ಮತ್ತೊಂದರಲ್ಲಿ ಚಾಕಲೇಟ್ ಬೇಡ, ಇಯರ್‌ಫೋನ್ ತನ್ನಿ ಎಂದಳು. ನಡುವಿನದೆಲ್ಲ ಫೋನಿನಲ್ಲಿ ಬಂದ ಫೋಟೊ. ಈ ಓಣಿಯ ಅದೆಷ್ಟೋ ಮದುವೆಗಳನ್ನು ನಾನು ಲೇಬರ್ ಕ್ಯಾಂಪಿನ ಮಂಚದ ಮೇಲೆ ಮಲಗಿ ನೋಡಿದ್ದೇನೆ. ಈ ಮದುವೆಗಾದರೂ ನನ್ನ ಮನೆಯಿಂದ ಏನಾದರೂ ಹೊತ್ತುಕೊಂಡು ಹೋಗಲಿ ಎಂದು ನನಗೆ ಬಹಳ ಆಸೆಯಿತ್ತು. ಉಡುಗೊರೆಯ ಕವರಲ್ಲ, ಚಟ್ಟಿ.

ಮದರಂಗಿಯ ದಿನ ಬೆಳಿಗ್ಗೆ ಎದುರುಮನೆಯ ಅಕ್ಕನ ದಂಡು ಬಂತು. ನಮ್ಮ ಗೇಟಿನೆದುರು ನಿಂತು ಹೂವನ್ನು ಹೊಗಳಿ, ಮುಂದಕ್ಕೆ ಹೊರಟಿತು. ನಾನು ಮರ್ಯಾದೆ ಬಿಟ್ಟೆ. ಗೇಟು ತೆರೆದು ರಸ್ತೆಗಿಳಿದು, ನನ್ನ ಚಟ್ಟಿಗೆ ಏನಾಗಿದೆ ಅಕ್ಕ ಎಂದು ಕೇಳಿಯೇಬಿಟ್ಟೆ.

"ಗಿಡ ಚಂದ ಉಂಟು ಅಣ್ಣ, ಸುಳ್ಳು ಯಾಕೆ ಹೇಳ್ಬೇಕು," ಎಂದರು ಅವರು. "ಆದರೆ ಅದನ್ನು ಎತ್ತುವುದು ಯಾರು? ಮೊದಲ ಮದರಂಗಿಗೇ ಹುಡುಗರನ್ನು ಕಳಿಸಿದ್ದೆ. ನೀವು ಮಲಗಿದ್ರಂತೆ. ಮೂರು ಜನ ಸೇರಿ ಹಿಡಿದರೂ ಅಲುಗಲಿಲ್ಲವಂತೆ. ಕ್ರೇನ್ ತರಿಸ್ಲಿಕ್ಕೆ ಆಗ್ತದಾ?"

ಒಳಗೆ ಬಂದು ನಾನೇ ಒಂದು ಚಟ್ಟಿಯನ್ನು ತಬ್ಬಿ ಎತ್ತಲು ನೋಡಿದೆ. ಚಟ್ಟಿ ಎಲ್ಲಿತ್ತೋ ಅಲ್ಲೇ ಇತ್ತು. ನನ್ನ ಸೊಂಟ ಮಾತ್ರ ಸ್ವಲ್ಪ ಆಚೆ ಸರಿಯಿತು. ಇಷ್ಟು ದಿನ ನನ್ನನ್ನು ದೂರ ಇಟ್ಟಿದ್ದಾರೆ ಎಂದು ಓಣಿಯ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ದೂರ ಇಟ್ಟದ್ದು ನನ್ನದೇ ಕಾಂಕ್ರೀಟ್.

ಸುತ್ತಿಗೆ ಮತ್ತು ಉಳಿ ತೆಗೆದುಕೊಂಡೆ. ನೀರುಂಡು ಒಳ್ಳೆಯ ಕ್ಯೂರಿಂಗ್ ಆದ ಕಾಂಕ್ರೀಟ್ ಹೇಗಿರುತ್ತದೆ ಎಂಬುದು ಅದನ್ನು ಒಡೆಯುವವನಿಗೇ ಗೊತ್ತು. ಪೆಟ್ಟು ಹಾಕಿದರೆ ಸುತ್ತಿಗೆ ಹಿಂದಕ್ಕೆ ಹಾರುತ್ತಿತ್ತು. ಕೆಟ್ಟ ಕೆಲಸ ಮಾಡಿದವರನ್ನೆಲ್ಲ ನಾನು ಜೀವನಪೂರ್ತಿ ಬೈದವನು. ಅಂದು ಮೊದಲ ಸಲ, ಇದರಲ್ಲಿ ಒಂದಿಷ್ಟು ಮೋಸ ಮಾಡಿರಬಾರದಿತ್ತೇ ಎಂದುಕೊಂಡೆ. ಸದ್ದಿಗೆ ಜನ ಬಂದರು, ಮನೆ ಒಡೆಯುತ್ತಿದ್ದೇನೆ ಎಂದುಕೊಂಡು. ಶನಿವಾರದ ಶಾಲೆ ಮುಗಿಸಿ ಮಧ್ಯಾಹ್ನ ಬಂದ ಹೆಂಡತಿ ಗೇಟಿನಲ್ಲೇ ನಿಂತು, ನಿಮಗೆ ಎಂತ ಮರ್ಲಾ, ತಲೆ ಕೆಟ್ಟಿದೆಯಾ ಎಂದು ಕೇಳಿದಳು. ವಿಷಯ ಹೇಳಿದೆ. ಅವಳು ನಗಲಿಲ್ಲ. ಬ್ಯಾಗನ್ನು ಮೆಟ್ಟಿಲಿನ ಮೇಲಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಗಿಡದ ಕುತ್ತಿಗೆ ಹಿಡಿದು ನಿಂತಳು. ನಾನು ಒಡೆದೆ. ಒಂದು ಗಿಡ ಬೇರು ಸಮೇತ ಬಂತು. ಇನ್ನೊಂದರ ಅರ್ಧ ಬೇರು ಚಟ್ಟಿಯ ಗೋಡೆಗೆ ಅಂಟಿ ಅಲ್ಲೇ ಉಳಿಯಿತು. ಕಾಪು ಪೇಟೆಗೆ ಓಡಿ, ಯಾವುದನ್ನು ಹಿಂದೆ ಬೈದಿದ್ದೆನೋ ಅದೇ ಇಟ್ಟಿಗೆ ಬಣ್ಣದ ಪ್ಲಾಸ್ಟಿಕ್ ಚಟ್ಟಿಗಳನ್ನು ತಂದೆ. 

ಸಂಜೆ ಒಂದೊಂದು ಕಂಕುಳಿಗೆ ಒಂದೊಂದು ಚಟ್ಟಿ ಒತ್ತಿಕೊಂಡು ಮೂಲೆಮನೆಗೆ ನಡೆದೆ. ಹುಡುಗಿಯ ತಾಯಿ ರೂಢಿಯಂತೆ ನನಗಾಗಿ ಕುರ್ಚಿ ಎಳೆದುಕೊಂಡು ಬಂದರು. ನನ್ನ ಎರಡೂ ಕೈ ತುಂಬಿದ್ದವು. ಅವರು ಕುರ್ಚಿಯನ್ನೂ ನನ್ನನ್ನೂ ಒಮ್ಮೆ ನೋಡಿದರು.

"ಮೆಟ್ಟಿಲ ಹತ್ತಿರ ಇಡಿ," ಎಂದರು. "ಅಲ್ಲಲ್ಲ, ಇನ್ನೂ ಸ್ವಲ್ಪ ಆಚೆ. ಇಟ್ಟಾದ ಮೇಲೆ ಒಳಗಿನಿಂದ ಐಸ್‌ಕ್ರೀಮಿನ ಡಬ್ಬ ಹೊರಗೆ ತನ್ನಿ."

ಆಮೇಲೆ ಎಂಜಲು ಪ್ಲೇಟಿನ ಡ್ರಮ್ ಸರಿಸಿದೆ, ಲೈಟಿನ ವಯರ್ ಎತ್ತಿ ಕಟ್ಟಿದೆ, ಎರಡು ಸಲ ಬೈಸಿಕೊಂಡೆ. ಹುಡುಗಿ ಮೊಣಕೈ ತನಕ ಮದರಂಗಿ ಹಚ್ಚಿಕೊಂಡು ಕೂತಿದ್ದಳು. ಕೂದಲು ಕಣ್ಣಿಗೆ ಬೀಳುತ್ತಿದೆ, ಸರಿಸಿ ಮಾಮ ಎಂದಳು. ಸರಿಸಿದೆ. ನನ್ನ ಕೈಯಲ್ಲಿ ಇನ್ನೂ ಸಿಮೆಂಟಿನ ಧೂಳಿತ್ತು.

ಮದುವೆ ಕಳೆದ ಮರುದಿನ ಸಂಜೆ ಚಟ್ಟಿಗಳು ಮನೆಮನೆಗೆ ಮರಳಿದವು. ಹೊರುವವರಿಗೆ ನಿದ್ದೆ, ಚಟ್ಟಿಗಳೆಲ್ಲ ಒಂದೇ ರೂಪ. ಕೈಗೆ ಸಿಕ್ಕಿದ ಗೇಟಿನಲ್ಲಿ ಇಟ್ಟು ಹೋದರು. ನಮ್ಮಲ್ಲಿಗೆ ಬಂದ ಎರಡರಲ್ಲಿ ಒಂದು ಅರ್ಧ ಬೇರಿನ ನನ್ನ ರೋಗಿ. ಇನ್ನೊಂದು ಎಲೆ ಒತ್ತೊತ್ತಾಗಿ, ಮೈತುಂಬ ಹೂ ಬಿಟ್ಟುಕೊಂಡು ನಿಂತಿತ್ತು. ನಾನು ಅದನ್ನು ಸುತ್ತು ಹಾಕಿ ನೋಡುತ್ತಿರುವಾಗಲೇ ಎದುರುಮನೆಯ ಅಕ್ಕ ರಸ್ತೆ ದಾಟಿ ಬಂದರು. ಅದು ತಮ್ಮದು, ಕೊಡಿ ಎಂದರು. ಇಲ್ಲ, ನನ್ನದು ಎಂದೆ. ನಿಮ್ಮ ಗಿಡಕ್ಕೆ ಇಷ್ಟು ಎಲೆ ಯಾವ ಜನ್ಮದಲ್ಲಿತ್ತು ಎಂದು ಅವರು ಕೇಳಿದರು. ಬಂಗುಡೆ ನೀರಿನ ಮಹಿಮೆ ಎಂದೆ. ಬೆಕ್ಕುಗಳ ಪುರಾಣ ಬಂತು, ತೂತಿಲ್ಲದ ಚಟ್ಟಿಯ ಪುರಾಣ ಬಂತು, ಡ್ರಿಲ್ಲಿನ ಸದ್ದಿಗೆ ತಮ್ಮ ಮಧ್ಯಾಹ್ನದ ನಿದ್ದೆ ಹಾಳಾದದ್ದೂ ಬಂತು. ನಾನೂ ಬಿಡಲಿಲ್ಲ. ಅವರ ಮಾವಿನ ಎಲೆ ನಮ್ಮ ಅಂಗಳಕ್ಕೆ ಬೀಳುವುದನ್ನು ಎತ್ತಿದೆ. ಅಕ್ಕಪಕ್ಕದವರು ಗೇಟಿಗೆ ಬಂದು ನಿಂತು ಕೇಳಿದರು. ಯಾರೂ ನನಗೆ ಕುರ್ಚಿ ತರಲಿಲ್ಲ.

"ನಾಳೆ ಬೆಳಿಗ್ಗೆ ಬರ್ತೇನೆ," ಎಂದು ಅಕ್ಕ ಕೈ ಬೀಸಿಕೊಂಡು ಹೋದರು. "ಬಾಗಿಲು ಹಾಕಿ ಒಳಗೆ ಕೂತ್ಕೊಳ್ಬೇಡಿ."

ಒಳಗೆ ಹೆಂಡತಿ ನಾಚಿಕೆಯಿಂದ ಕೆಂಪಾಗಿದ್ದಳು. ಅದು ಅವರದ್ದೇ ಅಲ್ವಾ ಎಂದು ಕೇಳಿದಳು. ಹೌದು, ಅವರದ್ದೇ ಎಂದೆ. ಹಾಗಾದರೆ ಈಗಲೇ ಕೊಟ್ಟು ಬನ್ನಿ ಎಂದಳು. ಕೊಡುತ್ತೇನೆ, ಅವಸರ ಎಂತದು ಎಂದೆ. ನನಗೆ ಆಗುತ್ತಿದ್ದ ಸಂತೋಷವನ್ನು ಅವಳಿಗೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ.

ಮರುದಿನ ಬೇಗ ಎದ್ದು, ಚಾ ಕುಡಿದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಚಟ್ಟಿಯನ್ನು ಚೆನ್ನಾಗಿ ಕಾಣುವ ಹಾಗೆ ಮುಂದಕ್ಕಿಟ್ಟು, ಗೇಟನ್ನು ಪೂರ್ತಿ ತೆರೆದು, ಅಕ್ಕ ಬರುವುದನ್ನು ಕಾಯುತ್ತಾ ನಿಂತೆ.