ಶೇಂಗಾ ಇಲ್ಲದ ಮನೆ

ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಕಟ್ಟಿದವರು ಯಾರೋ ಏನೋ, ಅವರಂತೂ ನಮ್ಮ ಬೈಲಹೊಂಗಲ ಸೀಮೆಯಲ್ಲಿ ಶೇಂಗಾ ಒಗ್ಗದ ಕೂಸನ್ನು ಸಾಕಿದವರಲ್ಲ. ಸಾಕಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಇಲ್ಲಿ ರೊಟ್ಟಿಗೆ ಶೇಂಗಾ ಚಟ್ನಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಬದನೆಕಾಯಿಯ ಹೊಟ್ಟೆಯಲ್ಲಿ ಶೇಂಗಾ, ಅವಲಕ್ಕಿಯಲ್ಲಿ ಶೇಂಗಾ, ಚುರುಮುರಿಯಲ್ಲಿ ಶೇಂಗಾ. ದೇವರ ಹೆಸರಲ್ಲಿ ಉಪವಾಸ ಇದ್ದರೆ ಸಾಬೂದಾಣಿಯ ಜೊತೆ ಮತ್ತೆ ಅದೇ. ನನ್ನ ತವರು ರಾಮದುರ್ಗದ ಕಡೆಯ ಕಟಕೋಳ. ಹಸಿ ಶೇಂಗಾ ಕಿತ್ತು, ಬಳ್ಳಿಯ ಸಮೇತ ಸುಟ್ಟು ತಿಂದು ಬೆಳೆದವಳು ನಾನು. ಹೊಟ್ಟೆಗೆ ಹಿತವಾದದ್ದು ಅದೊಂದೇ ಎಂದು ತಿಳಿದಿದ್ದೆ.

ಮಗಳಿಗೆ ಒಂದೂವರೆ ವರ್ಷವಿದ್ದಾಗ ಶೇಂಗಾ ಉಂಡೆಯ ಒಂದು ಚೂರು ಬಾಯಿಗಿಟ್ಟೆ. ನೋಡುನೋಡುತ್ತಿದ್ದಂತೆ ತುಟಿ ಬಾತುಕೊಂಡಿತು, ಮೈತುಂಬ ಕೆಂಪು ದದ್ದು ಎದ್ದವು, ತಿಂದದ್ದನ್ನೆಲ್ಲ ಕಾರಿಕೊಂಡಳು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಪಕ್ಕದ ಮನೆಯವರು ಪಿತ್ತ ಎಂದರು. ಬೆಳಗಾವಿಯ ಡಾಕ್ಟರು ಮಾತ್ರ, ಇದು ದೃಷ್ಟಿಯೂ ಅಲ್ಲ, ಪಿತ್ತವೂ ಅಲ್ಲ, ಈ ಕೂಸಿನ ಮೈ ಶೇಂಗಾವನ್ನು ವೈರಿ ಎಂದು ತಿಳಿದು ಬಡಿದಾಡುತ್ತದೆ, ಆ ಬಡಿದಾಟದಲ್ಲಿ ಉಸಿರೇ ಕಟ್ಟಬಹುದು ಎಂದು ಬಿಡಿಸಿ ಹೇಳಿದರು. ಚೂರು ತಿಂದರೂ ಅಷ್ಟೇ, ಗಾಣದ ಶೇಂಗಾ ಎಣ್ಣೆಯೂ ಬೇಡ. ಉಸಿರಿಗೆ ಸಂಚಕಾರ ಬಂದರೆ ತುರಿಕೆಯ ಗುಳಿಗೆ ನಂಬಿ ಕೂರಬಾರದು, ಚುಚ್ಚುಮದ್ದನ್ನು ತೊಡೆಯ ಹೊರಮಗ್ಗುಲಿಗೆ ಕೂಡಲೇ ಚುಚ್ಚಿ ಆಸ್ಪತ್ರೆಗೆ ಓಡಬೇಕು. ಔಷಧ ಎಳೆದುಕೊಳ್ಳುವುದು ಹೇಗೆ, ಚುಚ್ಚುವುದು ಹೇಗೆ ಎಂದು ನನ್ನ ಕೈ ಹಿಡಿದು ಕಲಿಸಿದರು. ಆವತ್ತಿನಿಂದ ಆ ಮದ್ದು, ಸೂಜಿ ಇಟ್ಟ ಚೀಲ ನನ್ನ ಹೆಗಲು ಬಿಟ್ಟಿಲ್ಲ.

ಮನೆಯಿಂದ ಶೇಂಗಾ ಹೊರಗೆ ಹೋಯಿತು. ಡಬ್ಬಿ ತೊಳೆದೆ, ಮಿಕ್ಸರಿನ ಭಾಂಡೆ ಬದಲಿಸಿದೆ, ಕುಸುಬಿ ಎಣ್ಣೆ ತಂದೆ. ಚಟ್ನಿಗೆ ಗುರೆಳ್ಳು ಬಂತು. ಬಂಧುಬಳಗ ಸುಮ್ಮನಿದ್ದೀತೇ? "ಸ್ವಲ್ಪ ಸ್ವಲ್ಪ ತಿನಿಸಿ ರೂಢಿ ಮಾಡ್ರಿ. ಮಣ್ಣಾಗ ಹುಟ್ಟಿದ ಕಾಳು ಯಾರನ್ನ ಕೊಂದೈತಿ?" ಎಂದು ಒಬ್ಬಾಕೆ ನನ್ನ ಮನೆಯಲ್ಲೇ ಕೂತು, ನನ್ನ ಚಹಾ ಕುಡಿಯುತ್ತ ಬುದ್ಧಿ ಹೇಳಿದಳು. "ಎಕ್ಕಿ ಗಿಡಾನೂ ಮಣ್ಣಾಗ ಹುಟ್ಟೇತ್ರಿ, ಒಂದ್ ಎಲಿ ತಿಂದ ತೋರಿಸ್ರಿ, ನೋಡೂಣು" ಎಂದೆ. ಆಕೆ ಮತ್ತೆ ನಮ್ಮ ಹೊಸ್ತಿಲು ತುಳಿದಿಲ್ಲ. ಒಳ್ಳೆಯದೇ ಆಯಿತು.

ಹೆಚ್ಚು ಕಷ್ಟವಾದದ್ದು ಅತ್ತೆಗೆ. ಹಲ್ಲು ಹೋದ ಬಾಯಿ, ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಗೆ ಶೇಂಗಾ ಚಟ್ನಿ ಕಲಸಿಕೊಂಡರೇ ಅವರಿಗೆ ಊಟ. ಆದರೂ ಒಂದು ಮಾತು ಆಡಲಿಲ್ಲ. ವಾರಕ್ಕೊಮ್ಮೆ ರೊಟ್ಟಿ ಸೆರಗಿನಲ್ಲಿ ಕಟ್ಟಿಕೊಂಡು ಪಕ್ಕದ ಮನೆಗೆ ಹೋಗಿ ಚಟ್ನಿ ಹಚ್ಚಿಕೊಂಡು ಉಂಡು ಬರುತ್ತಿದ್ದರು. ಬಂದವರೇ ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಸೀರೆ ಬದಲಿಸಿ, ಆಮೇಲೇ ಮೊಮ್ಮಗಳನ್ನು ಮುಟ್ಟುವುದು.

"ಏನತ್ತಿ, ಕದ್ದ ಉಂಡ ಬಂದ್ರೇನು?" ಎಂದು ನಾನು ಕಾಡಿಸುತ್ತಿದ್ದೆ.

"ಹೂಂನವ್ವಾ, ಮನ್ಯಾಗ ಪೊಲೀಸರನ್ನ ಇಟ್ಕೊಂಡೇವಲ್ಲ, ಕದೀಲೇಬೇಕು."

ಮಗಳು ಸಾಲಿಗೆ ಹೋಗುವಂತಾದರೂ ಆಯಿಯ, ಅಂದರೆ ಅಜ್ಜಿಯ, ಕೈತುತ್ತೇ ಆಗಬೇಕು. ನೀನೇ ಉಣ್ಣು ಎಂದರೆ ಅರ್ಧಕ್ಕೆ ಏಳುವಳು. ಆಯಿ ತಾಟು ಹಿಡಿದು ಕೂತರೆ ಎದುರಿಗೆ ಚಕ್ಕಂಬಕ್ಕಳ ಹಾಕಿ, ಮರಿ ಹಕ್ಕಿಯಂತೆ ಬಾಯಿ ತೆರೆಯುವಳು. "ಏಳು ವರ್ಷದ ಕತ್ತಿ, ನಾಚಿಕಿ ಇಲ್ಲೇನ?" ಎಂದು ನಾನು ಬೈದರೆ ಇಬ್ಬರೂ ಕೂಡಿ ನನ್ನನ್ನೇ ನೋಡಿ ನಗುತ್ತಿದ್ದರು.

ಹೊರಗಿನ ಊಟದಲ್ಲಿ ನನ್ನದು ಒಂದೇ ಪ್ರಶ್ನೆ: ಶೇಂಗಾ ಐತೇನ್ರಿ? ಉತ್ತರ ಬಂದರೂ ನಾನು ನಂಬುತ್ತಿರಲಿಲ್ಲ. ಕೂಸಿನ ಡಬ್ಬಿ ಬೇರೆಯೇ ಒಯ್ಯುತ್ತಿದ್ದೆ. ಜಂಬ ಎಂದರು, ಸೊಕ್ಕು ಎಂದರು. ಅನ್ನಲಿ, ಅವರ ಬಾಯಿ ಅವರದು.

ಹೋದ ವರ್ಷದ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಸಂಪಗಾಂವದ ನಮ್ಮ ಹೊಲಕ್ಕೆ ಹೋದೆವು. ಮಾಡಿದ ಅಡುಗೆಯನ್ನು ಮೊದಲು ಭೂಮಿತಾಯಿಗೆ ಎರಚಿ, ಆಮೇಲೆ ಜೋಳದ ನಡುವೆಯೇ ಜಮಖಾನೆ ಹಾಸಿ ಕೂತು ಉಣ್ಣುವ ಹಬ್ಬವದು. ಒಬ್ಬರ ಬುತ್ತಿ ಇನ್ನೊಬ್ಬರ ತಾಟಿಗೆ ಹೋಗದಿದ್ದರೆ ಅದು ಚರಗವೇ ಅಲ್ಲ. ಅತ್ತೆಯ ತಂಗಿಯ ಮನೆಯವರೂ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಹಸಿದ ಮಕ್ಕಳಿಗೆಂದು ಊಟ ಬೇಗ ಶುರುವಾದಾಗ ನಾನು ಗಂಡನ ಜೊತೆ ಹೊಲದ ಆ ತುದಿಯಲ್ಲಿದ್ದೆ, ಚರಗ ಚೆಲ್ಲುವುದು ಇನ್ನೂ ಮುಗಿದಿರಲಿಲ್ಲ. ಮುಂದಿನದನ್ನು ಆಮೇಲೆ ಅತ್ತೆಯ ತಂಗಿಯೇ ಹೇಳಿದ್ದು.

ಮಗಳು ತನ್ನ ಡಬ್ಬಿಯನ್ನು ದೂರ ಸರಿಸಿ, "ಆಯಿ, ಎಲ್ಲಾರೂ ಹಂಚಿಕೊಂಡ ಉಣ್ಣಾಕತ್ತಾರ, ನಂದೊಂದ ಬ್ಯಾರೆ" ಎಂದು ಕಣ್ಣು ತುಂಬಿಕೊಂಡಳಂತೆ. ಅತ್ತೆ ಬುತ್ತಿಗಳನ್ನೆಲ್ಲ ಒಮ್ಮೆ ನೋಡಿದರು. ಹೋಳಿಗೆ, ಚಟ್ನಿ, ಬದನೆಕಾಯಿ ಎಲ್ಲ ಬಿಟ್ಟು ಮಡಕೆಕಾಳಿನ ಪಲ್ಯದ ಡಬ್ಬಿಗೆ ಬೊಟ್ಟು ಮಾಡಿ ತಂಗಿಯನ್ನು ಕೇಳಿದರು: "ಇದರಾಗ ಶೇಂಗಾ ಹಾಕೀಯೇನ?"

"ಇಲ್ಲಬೇ ಯಕ್ಕಾ, ಕಾಳಪಲ್ಯಕ್ಕ ಶೇಂಗಾ ಯಾರ ಹಾಕ್ತಾರ?"

"ಖರೇ ಹೇಳು. ಕೂಸಿಗೆ ತಿನಿಸಾಕಿ ಅದೇನಿ."

"ನಿನ್ನಾಣಿ ಇಲ್ಲ."

ಅತ್ತೆ ಒಂದು ತುತ್ತು ತಿನಿಸಿದರು.

ಅವರ ಚೀರಾಟ ಕೇಳಿ ನಾನು ಓಡಿ ಬಂದಾಗ ಮಗಳು ಗಂಟಲು ಕೆರೆದುಕೊಳ್ಳುತ್ತಿದ್ದಳು. ದನಿ ಒಡೆದು ಗೊಗ್ಗರಾಗಿತ್ತು, ಕಣ್ಣಿನ ಸುತ್ತ ಬಾವು, ಉಸಿರು ಸುಂಯ್ ಸುಂಯ್ ಎನ್ನುತ್ತಿತ್ತು. ಲಂಗ ಎತ್ತಿ ತೊಡೆಗೆ ಚುಚ್ಚಿದೆ. ಗಂಡ ಕಾರು ತಂದ. ಬೈಲಹೊಂಗಲದ ದಾರಿಯುದ್ದಕ್ಕೂ ಮಗಳನ್ನು ಎದೆಗೊರಗಿಸಿಕೊಂಡು ಕೂತು, ದೇವರೇ, ಬೇಕಾದರೆ ನನ್ನ ಉಸಿರು ತಗೊ ಎಂದು ಒದರುತ್ತಿದ್ದೆನಂತೆ. ನನಗೆ ನೆನಪಿಲ್ಲ. ಆಸ್ಪತ್ರೆಯಲ್ಲಿ ಮತ್ತೊಂದು ಸೂಜಿ ಹಾಕಿ ಆಮ್ಲಜನಕ ಹಚ್ಚಿದರು. ತ್ರಾಸು ಇಳಿದಂತೆ ಕಂಡು ಮತ್ತೆ ಏರಬಹುದು, ಮರುದಿನದ ತನಕ ಇಲ್ಲೇ ಇರಲಿ ಎಂದರು. ಮಗಳು ಉಳಿದಳು.

ಅತ್ತೆಯ ತಂಗಿ ಹಿಂದೆಯೇ ಅಳುತ್ತ ಬಂದಳು. ಆಸ್ಪತ್ರೆಯ ಪಡಸಾಲೆ ಅದುರುವಂತೆ ನಾನು ಕೂಗಾಡಿದೆ.

"ನಾ ಶೇಂಗಾ ಎಲ್ಲಿ ಹಾಕೇನ್ವಾ?" ಎಂದಳು ಆಕೆ. "ಪಲ್ಯ ಗಟ್ಟಿ ಆಗ್ಲೆಂತ ಒಂದ್ ಮುಷ್ಟಿ ಪುಡಿ ಹಾಕಿದ್ನಿ, ಅಷ್ಟ."

ಆಕೆ ಸುಳ್ಳು ಹೇಳಿರಲಿಲ್ಲ. ಅದೇ ಹೊಟ್ಟೆ ಉರಿಯುವುದು. ನಮ್ಮ ಕಡೆ ಯಾವ ಪಲ್ಯಕ್ಕೂ ಇಳಿಸುವ ಮುಂಚೆ ಶೇಂಗಾ ಪುಡಿ ಬೀಳುತ್ತದೆ. ಪಲ್ಯದಲ್ಲಿ ಉಪ್ಪು ಇದೆಯೇ ಎಂದು ಯಾರಾದರೂ ಕೇಳುತ್ತಾರೆಯೇ? ಹಾಗೆಯೇ ಇದು. ಕಾಳು ಕಾಳಾಗಿ ಕಂಡರಷ್ಟೇ ಶೇಂಗಾ, ಪುಡಿಯಾದರೆ ಅದು ಬರೀ ಅಡುಗೆ. ಅಕ್ಕನ ಮೇಲೆ ಆಣೆ ಇಟ್ಟಾಗ ಆಕೆಯ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಅಷ್ಟು ಸಾಚಾ ಮಾತಿಗೆ ನನ್ನ ಕೂಸು ಸಾಯುವುದಿತ್ತು.

ಅತ್ತೆ ಮಾತ್ರ ಗೋಡೆಗೆ ಆತು ನಿಂತಿದ್ದರು, ಅಳಲೂ ಇಲ್ಲ. ತುತ್ತು ತಿನಿಸಿದ ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದರು.

ಮನೆಗೆ ಬಂದ ಮೇಲೆ ಅವರು ಮೊಮ್ಮಗಳನ್ನು ಮುಟ್ಟಲಿಲ್ಲ. ಒಂದೆರಡು ದಿನ ಹೆದರಿಕೆ ಇರಬಹುದು ಎಂದುಕೊಂಡೆ. ತಿಂಗಳಾಯಿತು. ಜಡೆ ಹಾಕು ಎಂದು ಮಗಳು ಬಾಚಣಿಗೆ ಒಯ್ದರೆ, "ನಿಮ್ಮವ್ವನ ಕಡೆ ಹೋಗು." ತೊಡೆಯ ಮೇಲೆ ಮಲಗಲು ಬಂದರೆ ಎರಡೂ ಕೈ ಸೆರಗಿನೊಳಗೆ. ಪಕ್ಕದ ಮನೆಗೆ ಹೋಗುವುದನ್ನೂ ಬಿಟ್ಟರು.

ನಾನು ಎದುರು ಕೂತು ಹೇಳಿದೆ: "ಅತ್ತಿ, ನಿಮ್ದೇನೂ ತಪ್ಪಿಲ್ಲರಿ. ಕೈ ತೊಳಕೊಂಡ್ರ ಮುಟ್ಟಾಕ ಏನೂ ತ್ರಾಸ ಇಲ್ಲಂತ ಡಾಕ್ಟರ್ ಸ್ವತಃ ಅಂದಾರ." ಅವರು ತಲೆಯಾಡಿಸಿದರು. ಜಗಳವಾಡಿದರೂ ಬೇಕಿತ್ತು, ಕೂಗಾಡಿ ನನಗೆ ಅಭ್ಯಾಸವಿದೆ. ಸುಮ್ಮನಿರುವವರ ಜೊತೆ ನಾನೇನು ಮಾಡಲಿ? ಕೂಸನ್ನು ಉಳಿಸಿಕೊಳ್ಳುವುದನ್ನು ಡಾಕ್ಟರು ಕಲಿಸಿದರು, ಇದಕ್ಕೆ ಯಾರ ಬಳಿ ಹೋಗಲಿ ಎಂದು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ.

ಮೊನ್ನೆ ಮಧ್ಯಾಹ್ನ ಮಗಳು ಹಟ ಹಿಡಿದಳು. ತಾನೇ ರೊಟ್ಟಿ, ಹೆಸರುಬೇಳೆ, ಗುರೆಳ್ಳು ಚಟ್ನಿ ಬಡಿಸಿಕೊಂಡು, ತಾಟನ್ನು ಆಯಿಯ ಮುಂದಿಟ್ಟು, ಚಕ್ಕಂಬಕ್ಕಳ ಹಾಕಿ ಬಾಯಿ ತೆರೆದು ಕೂತಳು.

"ತಿನಿಸ್ರಿ ಅತ್ತಿ," ಎಂದೆ. "ಎಲ್ಲಾ ನಾನ ಮಾಡೇನಿ. ಯಾವುದ್ರಾಗೂ ಶೇಂಗಾ ಇಲ್ಲ, ಪುಡೀನೂ ಇಲ್ಲ. ಬೇಕಾದ್ರ ಇನ್ನೊಮ್ಮೆ ಕೇಳ್ರಿ."

ಅತ್ತೆ ರೊಟ್ಟಿ ಮುರಿದರು. ಬೇಳೆಯಲ್ಲಿ ಅದ್ದಿ ತುತ್ತು ಮಾಡಿದರು. ಕೈ ಮಗಳ ಬಾಯಿಯ ಹತ್ತಿರದವರೆಗೂ ಹೋಯಿತು. ಅಲ್ಲೇ ನಿಂತಿತು. ಅವರು ತುತ್ತನ್ನು ತಿರುಗಿ ತಾಟಿನಲ್ಲಿಟ್ಟರು.

"ಅವತ್ತೂ ನಾ ಕೇಳೇ ತಿನಿಸಿದ್ನೆವ್ವಾ," ಎಂದು ಎದ್ದು ಹಿತ್ತಲಿಗೆ ಹೋದರು.

ಮಗಳು ಇನ್ನೂ ಬಾಯಿ ತೆರೆದೇ ಕೂತಿದ್ದಳು. ನಾನು ಅದೇ ತುತ್ತನ್ನು ಎತ್ತಿ ಅವಳ ಬಾಯಿಗೆ ಒಡ್ಡಿದೆ. ಅವಳು ಬಾಯಿ ಮುಚ್ಚಿಕೊಂಡಳು.